ಭುಜಕ್ಕೊಂದು ಆಸರೆ

ಮಗಳು ವಯಲಿನ್ ಬಿಡುತ್ತೇನೆ ಎಂದಳು. ಅತ್ತು ಕರೆದು ಹೇಳಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಆ ವಯಸ್ಸಿನ ಹುಡುಗಿಯರು ದಿನಕ್ಕೊಂದು ಬಿಡುತ್ತಾರೆ, ಇನ್ನೊಂದು ಹಿಡಿಯುತ್ತಾರೆ. ಇವಳು ಪೆಟ್ಟಿಗೆಯ ಕೊಂಡಿ ಹಾಕುತ್ತಾ, ನಾಳೆ ಶಾಲೆಗೆ ರಜೆ ಎನ್ನುವಷ್ಟು ತಣ್ಣಗೆ ಹೇಳಿದಳು.

"ಭುಜ ನೋಯುತ್ತೆ ಅಪ್ಪಾ. ಈ ತಿಂಗಳು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ."

ಆ ವಯಲಿನ್ ನಮ್ಮ ಮನೆಗೆ ಬಂದದ್ದೇ ಅವಳ ಹಟದಿಂದ. ಬಂದ ಹೊಸದರಲ್ಲಿ ಅದನ್ನು ಹಿಡಿದುಕೊಂಡೇ ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದಳು, ಅಪಸ್ವರ ಬಂದರೆ ತಾನೇ ನಗುತ್ತಿದ್ದಳು. ನಾನು ದಿನವಿಡೀ ಹೊಲಿಗೆ ಮಿಷನ್‌ಗಳ ಗದ್ದಲದಲ್ಲಿ ಇರುವವನು. ಸಂಜೆ ಮೆಟ್ಟಿಲು ಹತ್ತುವಾಗ ಆ ಸದ್ದು ಕಿವಿಗೆ ಬಿದ್ದರೆ, ಚಪ್ಪಲಿ ಬಿಡುವ ಮೊದಲೇ ದಣಿವು ಹೋಗುತ್ತಿತ್ತು. ಅದು ನಿಂತುಹೋಗುತ್ತದೆ ಎಂದು ನೆನೆದರೇ ನನಗೆ ಹೆದರಿಕೆಯಾಯಿತು.

ಆದರೆ ನನಗೆ ಹೆದರಿಕೆ ಒಂಟಿಯಾಗಿ ಬರುವುದಿಲ್ಲ, ಅನುಮಾನವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಇಷ್ಟು ವರ್ಷ ನೋಯದ ಭುಜ ಈಗ ಯಾಕೆ ನೋಯಬೇಕು? ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೈ ಎತ್ತಿಸಿ, ಇಳಿಸಿ, "ಮೂಳೆಗೆ ಏನೂ ಆಗಿಲ್ಲ, ಬಿಗಿ ಹಿಡ್ಕೊಂಡಿದ್ದಾಳೆ ಅಷ್ಟೆ" ಎಂದರು. ಬಿಗಿ ಹಿಡ್ಕೊಂಡಿರುವುದು ನನಗೂ ಕಾಣುತ್ತಿತ್ತು, ಅದನ್ನು ಹೇಳುವುದಕ್ಕೆ ಡಾಕ್ಟರೇ ಬೇಕೆ. ಆಮೇಲೆ ವಯಲಿನ್ ಮೇಷ್ಟ್ರನ್ನು ಕೇಳಿದೆ. ಅವರು ಗಡ್ಡ ಸವರಿಕೊಂಡು, ವಯಲಿನ್ನಿನ ಕೆಳಗೆ ಭುಜಕ್ಕೆ ಆನಿಸುವ ಆಸರೆ ಹೊಸದು ಬೇಕು, ಗಲ್ಲ ಊರುವ ತಟ್ಟೆ ಬದಲಾಯಿಸಬೇಕು, ಕಮಾನಿಗೆ ಹಚ್ಚುವ ರಾಳ ಒಳ್ಳೆಯದಿರಬೇಕು, ಶ್ರುತಿ ನೋಡುವ ಯಂತ್ರ ಒಂದಿದ್ದರೆ ಚೆನ್ನ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅಲ್ಲಿಯವರೆಗೆ ಸರಿ. ಕೊನೆಯಲ್ಲಿ, "ದೊಡ್ಡ ರಸ್ತೆ ತಿರುವಿನ ಅಂಗಡೀಲೇ ತಗೊಳ್ಳಿ, ಬೇರೆ ಕಡೆ ಬೇಡ" ಎಂದರು. ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು.

ನನ್ನ ಕೆಲಸ ಹೇಳಬೇಕು, ಇಲ್ಲದಿದ್ದರೆ ಈ ಮನುಷ್ಯನಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದುಕೊಳ್ಳುತ್ತೀರಿ. ನಾನು ಬಟ್ಟೆ ಕಾರ್ಖಾನೆಯಲ್ಲಿ ಕೊನೆಯ ಮೇಜಿನವನು. ಹೊಲಿದ ಅಂಗಿ ಪೆಟ್ಟಿಗೆ ಸೇರುವ ಮೊದಲು ನನ್ನ ಮುಂದೆ ಬರುತ್ತದೆ. ಹೊಲಿಗೆ ಜಾರಿದಲ್ಲಿ, ಗುಂಡಿ ಅಲುಗುವಲ್ಲಿ, ಕಾಲರಿನ ಎರಡು ತುದಿ ಸಮ ಇಲ್ಲದಲ್ಲಿ ಬಾಣದ ಆಕಾರದ ಒಂದು ಸಣ್ಣ ಕೆಂಪು ಸ್ಟಿಕರ್ ಅಂಟಿಸುತ್ತೇನೆ. ಬಾಣ ಬಿದ್ದ ಅಂಗಿ ಹಿಂದಕ್ಕೆ ಹೋಗುತ್ತದೆ. ಬೆನ್ನ ಹಿಂದೆ ನನ್ನನ್ನು ಬಾಣಪ್ಪ ಎನ್ನುತ್ತಾರೆ ಎಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಅನ್ನಲಿ. ನನ್ನ ಮೇಜು ದಾಟಿದ ಅಂಗಿ ಎಲ್ಲಿಂದಲೂ ವಾಪಸ್ಸು ಬಂದಿಲ್ಲ.

ಮನೆಯಲ್ಲೂ ನನ್ನಿಂದ ಆಗುವ ಉಪಕಾರ ಅದೇ. ನನಗೆ ಸ್ವರ ಓದಲು ಬರುವುದಿಲ್ಲ, ಆದರೆ ತಪ್ಪನ್ನು ಗುರುತಿಸಲು ಸ್ವರ ಗೊತ್ತಿರಬೇಕೆಂದಿಲ್ಲ. ತಪ್ಪಾದಾಗ ಕೈ ತಡವರಿಸುತ್ತದೆ, ಅಷ್ಟು ಸಾಕು. ಮಗಳು ಅಭ್ಯಾಸಕ್ಕೆ ನಿಂತಾಗ ನಾನು ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕಮಾನು ಮುಗ್ಗರಿಸಿದ ಕೂಡಲೇ ಒಳಗೆ ಹೋಗಿ, "ಎಲ್ಲಿ ತಪ್ಪಿತು ತೋರ್ಸು" ಎನ್ನುತ್ತೇನೆ. ಅವಳು ಸ್ವರದ ಹಾಳೆಯ ಮೇಲೆ ಬೆರಳಿಡುತ್ತಾಳೆ. ಅಲ್ಲೊಂದು ಬಾಣ ಅಂಟಿಸುತ್ತೇನೆ, ಮತ್ತೆ ಮರೆಯದಿರಲಿ ಎಂದು. ಇತ್ತೀಚೆಗೆ ಕೆಲವು ಹಾಳೆಗಳಲ್ಲಿ ಸ್ವರಕ್ಕಿಂತ ಬಾಣವೇ ಹೆಚ್ಚಾಗಿತ್ತು.

"ಮಗಳಿಗೂ ಒಂದು ಅಂಟಿಸಿಬಿಡಿ, ಹಿಂದಕ್ಕೆ ಕಳಿಸೋಣ" ಎಂದು ನನ್ನ ಹೆಂಡತಿ ಒಮ್ಮೆ ಅಂದಿದ್ದಳು. ಅವಳು ಅನ್ನುವುದನ್ನೆಲ್ಲ ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಭಾನುವಾರ ಮಧ್ಯಾಹ್ನ ನಾನೂ ಮಗಳೂ ವಯಲಿನ್ ಪೆಟ್ಟಿಗೆ, ಹಾಳೆಗಳನ್ನು ಹಿಡಿದುಕೊಂಡು ಆ ಅಂಗಡಿಗೆ ಹೊರಟೆವು. ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ಅವಳಿಗೆ ಒಂದು ಮ್ಯೂಟ್ ಬೇಕಂತೆ, ಅದನ್ನ ಮಾತ್ರ ಮರೀಬೇಡಿ. ಬಾಯಿಬಿಟ್ಟು ಕೇಳಿರೋದು ಅದೊಂದೇ" ಎಂದಳು.

ಮ್ಯೂಟ್ ಎಂದರೆ ಏನು ಎಂದು ದಾರಿಯಲ್ಲಿ ಮಗಳನ್ನು ಕೇಳಿದೆ. ರಬ್ಬರಿನ ಸಣ್ಣ ತುಂಡಂತೆ. ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಮೇಲೆ ಸಿಕ್ಕಿಸಿದರೆ ಸದ್ದು ಅಡಗಿ, ಪಕ್ಕದ ಕೋಣೆಗೂ ಕೇಳುವುದಿಲ್ಲವಂತೆ.

"ಅಕ್ಕಪಕ್ಕದವರು ಏನಾದ್ರೂ ಅಂದ್ರಾ?"

"ಇಲ್ಲ."

"ಮತ್ತ್ಯಾಕೆ?"

"ಸುಮ್ನೆ" ಎಂದು ಅವಳು ರಸ್ತೆ ನೋಡಿದಳು.

ಸದ್ದು ಬರುವುದಕ್ಕೆಂದೇ ಮಾಡಿದ ವಸ್ತುವಿಗೆ ಸದ್ದು ಬಾರದಂತೆ ಮಾಡುವ ಸಾಮಾನು. ಕೇಳಿಸದಿದ್ದರೆ ಅವಳು ನುಡಿಸುತ್ತಿದ್ದಾಳೋ, ಮಂಚದ ಮೇಲೆ ಬಿದ್ದುಕೊಂಡು ಫೋನು ನೋಡುತ್ತಿದ್ದಾಳೋ ನನಗೆ ಹೇಗೆ ತಿಳಿಯಬೇಕು? ತಾಯಿ ಮಗಳು ಸೇರಿ ನನ್ನ ಕಿವಿಗೆ ಹೂವಿಡುತ್ತಿದ್ದಾರೆ ಎನ್ನಿಸಿತು. ಆದರೂ ಏನೂ ಮಾತಾಡಲಿಲ್ಲ. ಕೊಳ್ಳುವ ಮುಂಚೆ ಮಾತಾಡಿದವನು ಕೆಟ್ಟ.

ಅಂಗಡಿ ಚಿಕ್ಕದು, ಉದ್ದನೆಯದು. ಎರಡು ಗೋಡೆಗಳಲ್ಲಿ ವಯಲಿನ್‌ಗಳು, ಮಧ್ಯೆ ಗಾಜಿನ ಮೇಜು, ಬಾಗಿಲು ತೆರೆದರೆ ಕಿಣಿ ಎನ್ನುವ ಗಂಟೆ. ಅಂಗಡಿಯವನ ತಲೆಯ ಮೇಲೆ ಒಂದು ಫೋಟೋ ತೂಗುತ್ತಿತ್ತು. ಅದರಲ್ಲಿ ಅವನು, ನಮ್ಮ ಮೇಷ್ಟ್ರು, ನಡುವೆ ಒಬ್ಬ ಹೆಂಗಸು. ಆಕೆಯದೂ ಅಂಗಡಿಯವನದೂ ಒಂದೇ ಮೂಗು. ಮೇಷ್ಟ್ರ ಮನೆಗೆ ಹೋದಾಗ ನೀರು ತಂದುಕೊಟ್ಟವರು ಆಕೆಯೇ.

"ಮೇಷ್ಟ್ರು ನಿಮ್ಮ ಭಾವ ಅಲ್ವಾ?" ಎಂದೆ.

ಅವನು "ಹೌದು ಸರ್, ಅಕ್ಕನ ಗಂಡ" ಎಂದು ಹಲ್ಲು ಬಿಟ್ಟ. ನಾನು ಮಗಳ ಕಡೆ ನೋಡಿದೆ. ನೋಡಿದೆಯಾ, ಎಂಬಂತೆ. ಅವಳು ನೋಡಲಿಲ್ಲ.

ಅವನು ಮೊದಲು ಭುಜದ ಆಸರೆಗಳನ್ನು ಸಾಲಾಗಿ ಇಟ್ಟ. ಬಿಲ್ಲಿನಂತೆ ಬಾಗಿದ ಪಟ್ಟಿ, ಮೇಲೆ ಸ್ಪಂಜು, ಎರಡು ತುದಿಗೂ ವಯಲಿನ್ನನ್ನು ಹಿಡಿಯುವ ರಬ್ಬರ್ ಕಾಲು. ಮೊದಲನೆಯದನ್ನು ತೆಗೆದುಕೊಂಡು ಕಾಲುಗಳನ್ನು ತಿರುಗಿಸಿದೆ. ಒಂದರ ತಿರುಪು ಹಿಡಿಯುತ್ತಿತ್ತು, ಇನ್ನೊಂದರದು ಸಡಿಲವಾಗಿ ಸುತ್ತುತ್ತಲೇ ಇತ್ತು. ಸ್ಪಂಜಿನ ಅಂಚಿಗೆ ಉಗುರು ಕೊಟ್ಟೆ, ಅಂಟು ಬಿಟ್ಟುಕೊಂಡಿತು. ಜೇಬಿನಿಂದ ಬಾಣ ತೆಗೆದು ಅಲ್ಲೊಂದು ಅಂಟಿಸಿ ಅವನ ಮುಂದೆ ತಳ್ಳಿದೆ.

"ಇದು ಸರ್, ಶೋಕೇಸಲ್ಲಿ ಇಟ್ಟಿದ್ದು" ಎಂದ.

"ಶೋಕೇಸಲ್ಲಿ ಇಟ್ರೆ ತಿರುಪು ಸವೆಯುತ್ತಾ?"

ಅವನು ಅದನ್ನು ಬೇಗನೆ ಡ್ರಾಯರಿಗೆ ಹಾಕಿದ. ಮರದ ಆಸರೆಯೊಂದನ್ನು ತೋರಿಸಿ, ಇದರಿಂದ ನಾದವೇ ಬದಲಾಗುತ್ತದೆ ಎಂದ. ನೋವಿಗೆ ಬಂದವರಿಗೆ ನಾದ ಯಾಕೆ ಎಂದೆ. ಗಲ್ಲದ ತಟ್ಟೆ ಐದಾರು ಥರದವು ಬಂದವು. ಮಗಳ ಗಲ್ಲಕ್ಕೂ ಹಳೆಯ ತಟ್ಟೆಗೂ ನಡುವೆ ಯಾವ ತಕರಾರೂ ಇಲ್ಲವೆಂದು ಅವಳನ್ನೇ ಕೇಳಿ ತಿಳಿದುಕೊಂಡು ಎಲ್ಲವನ್ನೂ ಪಕ್ಕಕ್ಕೆ ಸರಿಸಿದೆ. ಶ್ರುತಿ ಯಂತ್ರ ಫೋನಿನಲ್ಲೇ ಇದೆ. ಕಮಾನು ಒರೆಸುವ ಬಟ್ಟೆ ಎಂದು ಅವನು ಚಿನ್ನದ ಅಕ್ಷರದ ಪೊಟ್ಟಣ ತೆರೆದಾಗ ನನಗೆ ನಗುವೇ ಬಂತು. ಬಟ್ಟೆಯ ವಿಷಯದಲ್ಲಿ ನನಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ. ಹಳೆಯ ಬನಿಯನ್ನಿನ ತುಂಡು ಇದಕ್ಕಿಂತ ಚೆನ್ನಾಗಿ ಧೂಳು ಹೀರುತ್ತದೆ.

ರಾಳ ಮಾತ್ರ ಒಂದನ್ನು ಒಪ್ಪಿದೆ, ಅದೂ ಜಗಳವಾಡಿ. ಕಮಾನಿನ ಕೂದಲಿಗೆ ಹಚ್ಚಿದರೂ ಅದು ತಂತಿಯನ್ನು ಹಿಡಿಯದೆ ಜಾರುತ್ತಿತ್ತು. "ನಕಲಿ" ಎಂದೆ. ಅವನು ಉಪ್ಪುಕಾಗದದಿಂದ ಅದರ ಹೊಳಪನ್ನು ಕೆರೆದು ಮತ್ತೆ ಹಚ್ಚಿದ. ಈಗ ಹಿಡಿಯಿತು. ಅಷ್ಟರಮಟ್ಟಿಗೆ ಅವನು ಗೆದ್ದ ಎಂದಿಟ್ಟುಕೊಳ್ಳೋಣ.

"ಮ್ಯೂಟ್?" ಎಂದಳು ಮಗಳು, ಅಂಗಡಿಯವನಿಗೆ.

"ಅದು ಕೊನೆಗೆ" ಎಂದೆ ನಾನು.

ಅಂಗಡಿಯವನು ಅವಳ ಹಾಳೆಗಳನ್ನು ಸ್ಟ್ಯಾಂಡಿನ ಮೇಲೆ ಹರಡಿ, ಏನಾದರೂ ನುಡಿಸು, ಭುಜ ಹೇಗೆ ಕೂರುತ್ತದೆ ನೋಡೋಣ ಎಂದ. ಹಾಳೆ ನೋಡಿ ಹುಬ್ಬೇರಿಸಿದ. "ಇದೇನಮ್ಮ ಈ ಬಾಣಗಳು?"

"ಅಪ್ಪನ ಗುರುತು."

ಅವನು ನನ್ನನ್ನೂ, ಡ್ರಾಯರನ್ನೂ ನೋಡಿದ. ಮಗಳು ನುಡಿಸಿದಳು. ಒಂದು ಆಸರೆ ಹಾಕಿದರೂ ಅಷ್ಟೆ, ಇನ್ನೊಂದು ಹಾಕಿದರೂ ಅಷ್ಟೆ. ಎಡಭುಜ ಮೆಲ್ಲಗೆ ಏರಿ ಕಿವಿಯ ಹತ್ತಿರ ಹೋಗುತ್ತಿತ್ತು, ಸದ್ದು ಗಂಟಲು ಕಟ್ಟಿದವರ ಮಾತಿನ ಹಾಗೆ ಬರುತ್ತಿತ್ತು. ಇಂಥ ಸದ್ದನ್ನೇ ನಾನು ಈಚಿನ ದಿನಗಳಲ್ಲಿ ಕೇಳುತ್ತಿದ್ದದ್ದು. ಒಂದೂ ಕೆಲಸಕ್ಕೆ ಬರುವುದಿಲ್ಲ, ಎಲ್ಲ ಕಾಗೆ ಹಾರಿಸುವ ಸರಕು ಎಂದುಕೊಂಡೆ.

ಇದ್ದುದರಲ್ಲಿ ಗಟ್ಟಿಯಾಗಿ ಕಂಡ ಒಂದನ್ನು ಎತ್ತಿಕೊಂಡು, "ಬೆಳಕಲ್ಲಿ ನೋಡ್ಕೊಂಡು ಬರ್ತೀನಿ" ಎಂದು ಹೊರಗೆ ಹೋದೆ. ನಮ್ಮ ಕೆಲಸದವರೆಲ್ಲ ಹೀಗೆಯೇ. ಟ್ಯೂಬ್‌ಲೈಟಿನ ಕೆಳಗೆ ಮುಚ್ಚಿಹೋಗುವ ತಪ್ಪು ಹಗಲಿಗೆ ತಂದರೆ ಕಾಣುತ್ತದೆ, ಆದ್ದರಿಂದ ಕೊನೆಯ ತೀರ್ಮಾನ ಯಾವಾಗಲೂ ಕಿಟಕಿಯ ಹತ್ತಿರ.

ಫುಟ್‌ಪಾತಿನ ಮೇಲೆ ನಿಂತು ತಿರುಪುಗಳನ್ನು ತಿರುಗಿಸುತ್ತಿದ್ದೆ. ಒಳಗಿನಿಂದ ವಯಲಿನ್ ಕೇಳಿಸಿತು. ತುಂಬಿದ ನಾದ. ಎಲ್ಲೂ ಅಂಜಿಕೆಯಿಲ್ಲ, ಅವಸರವಿಲ್ಲ. ಎಲ್ಲೋ ಒಂದು ಕಡೆ ತಪ್ಪಿತು ಕೂಡ, ತಪ್ಪಿದ್ದನ್ನು ಹಾಗೇ ದಾಟಿಕೊಂಡು ಮುಂದೆ ಹೋಯಿತು. ಅಂಗಡಿಯವನು ತನ್ನ ಕೈಚಳಕ ತೋರಿಸುತ್ತಿದ್ದಾನೆ, ಗಿರಾಕಿಗೆ ಬೆಣ್ಣೆ ಹಚ್ಚುವ ಉಪಾಯ ಎಂದುಕೊಂಡು ಗಾಜಿನೊಳಗೆ ಇಣುಕಿದೆ. ಅವನು ಕೈಕಟ್ಟಿ ನಿಂತಿದ್ದ. ನುಡಿಸುತ್ತಿದ್ದವಳು ನನ್ನ ಮಗಳು. ಬೆನ್ನು ನನ್ನ ಕಡೆ ಇತ್ತು. ವಯಲಿನ್ನಿನ ಕೆಳಗೆ ಯಾವ ಆಸರೆಯೂ ಇರಲಿಲ್ಲ, ಎರಡು ಭುಜಗಳೂ ಇರಬೇಕಾದ ಜಾಗದಲ್ಲೇ ಇದ್ದವು.

ವಯಲಿನ್ ಬದಲಾಯಿಸಿದ್ದಾರೆ. ಇನ್ನೇನು ಮತ್ತೆ? ದುಬಾರಿ ವಾದ್ಯವನ್ನು ಮಕ್ಕಳ ಕೈಗೆ ಕೊಡುವುದು, ಮಕ್ಕಳು ಮರುಳಾಗುವುದು, ಅಪ್ಪಂದಿರ ಕೊರಳು ಕೊಯ್ಯುವುದು. ನಾನು ಬಾಗಿಲು ತಳ್ಳಿಕೊಂಡು ನುಗ್ಗಿದೆ. ಗಂಟೆ ಕಿಣಿ ಎಂದಿತು. ಮಗಳು ತಿರುಗಿ ನೋಡಿ ಕಮಾನು ಇಳಿಸಿದಳು.

"ಕೊಡು ಇಲ್ಲಿ" ಎಂದು ವಯಲಿನ್ ಇಸಿದುಕೊಂಡು ತಿರುಗಿಸಿದೆ. ಬಿರಡೆಯ ಹತ್ತಿರ ಅವಳು ಅಲಮಾರಿಗೆ ತಾಗಿಸಿದ್ದ ಗೀರು ಹಾಗೇ ಇತ್ತು. ನಮ್ಮದೇ.

"ತಂತಿ ಬದಲಾಯಿಸಿದ್ರಾ?"

"ಮುಟ್ಟಿಲ್ಲ ಸರ್" ಎಂದ ಅಂಗಡಿಯವನು.

"ನುಡ್ಸು ನೋಡೋಣ."

ನುಡಿಸಿದಳು. ಭುಜ ಏರಿತು. ಸದ್ದು ಮತ್ತೆ ಗಂಟಲು ಕಟ್ಟಿತು. ಅದೇ ವಯಲಿನ್, ಅದೇ ಕಮಾನು, ಅದೇ ಹಾಳೆ.

ಒಂದು ಸಲ ಕಂಡದ್ದನ್ನು ನಂಬುವವನು ಕೊನೆಯ ಮೇಜಿಗೆ ಲಾಯಕ್ಕಲ್ಲ. ಇನ್ನೊಂದು ಆಸರೆ ತೆಗೆದುಕೊಂಡು, ಇದನ್ನೂ ನೋಡಿಬಿಡುತ್ತೇನೆ ಎಂದು ಮತ್ತೆ ಹೊರಗೆ ಹೋದೆ. ಈ ಸಲ ಬಾಗಿಲ ಪಕ್ಕದ ಗೋಡೆಗೆ ಒರಗಿ, ಕಾಣದಂತೆ ನಿಂತೆ. ಆಮೇಲೆ ಆ ನಾದ ಮತ್ತೆ ಬಂತು. ಯಾರೋ ಮುದುಕಿಯೊಬ್ಬರು ತಂತಿ ಕೊಳ್ಳಲು ಬಂದು ನನ್ನ ಪಕ್ಕದಿಂದಲೇ ಒಳಗೆ ಹೋದರು. ಗಂಟೆ ಕಿಣಿ ಎಂದಿತು. ನಾದ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಹಾಗಾದರೆ ಗಂಟೆಯಿಂದಲ್ಲ. ಅಪರಿಚಿತರ ಸಂಕೋಚವೂ ಅಲ್ಲ. ನಾನು ಒಳಗೆ ಕಾಲಿಟ್ಟೆ. ಮಗಳ ಕಣ್ಣು ನನ್ನ ಮೇಲೆ ಬಿತ್ತು, ಭುಜ ತಾನಾಗಿ ಮೇಲೆದ್ದಿತು, ಕಮಾನು ತಡವರಿಸಿತು. ಅವಳ ಬೆರಳು ತಾನಾಗಿಯೇ ಹಾಳೆಯ ಕಡೆ ಹೋಯಿತು, ಎಲ್ಲಿ ತಪ್ಪಿತು ಎಂದು ತೋರಿಸಲು. ನಾನು ಇನ್ನೂ ಕೇಳಿರಲೇ ಇಲ್ಲ.

ಪಶ್ಚಾತ್ತಾಪವಾಯಿತು ಎಂದರೆ ಸುಳ್ಳಾದೀತು. ಮೊದಲು ಬಂದದ್ದು ಸಿಟ್ಟು. ಅಂಗಡಿಯವನ ಮೇಲೆ ಸಿಟ್ಟು, ಏನೂ ಮಾಡದೆ ನಿಂತಿದ್ದಕ್ಕೆ. ಮುದುಕಿಯ ಮೇಲೆ ಸಿಟ್ಟು, ಅವರು ಬಂದರೆ ಏನೂ ಆಗುವುದಿಲ್ಲ ಎಂದು. ಆಮೇಲೆ ಲೆಕ್ಕ ಹಾಕಿದೆ. ನಾನು ಮೇಷ್ಟ್ರನ್ನು ಶಂಕಿಸಿದ್ದೆ, ಅವರ ಭಾವಮೈದನನ್ನು, ಡಾಕ್ಟರನ್ನು, ಹೆಂಡತಿಯನ್ನು, ರಬ್ಬರಿನ ಕಾಲನ್ನು, ರಾಳವನ್ನು ಶಂಕಿಸಿದ್ದೆ. ಒಬ್ಬನನ್ನು ಮಾತ್ರ ಪರೀಕ್ಷೆಗೆ ಒಡ್ಡಿರಲಿಲ್ಲ. ಇಷ್ಟು ನಿಚ್ಚಳವಾದ ಫಲಿತಾಂಶವನ್ನು ನನ್ನ ಮೇಜಿನ ಮೇಲೆ ಯಾರಾದರೂ ತಂದಿಟ್ಟಿದ್ದರೆ ನಾನು ಎರಡನೇ ಮಾತಾಡದೆ ಒಪ್ಪುತ್ತಿದ್ದೆ.

ಅಂಗಡಿಯವನು ಮುದುಕಿಗೆ ತಂತಿ ಹುಡುಕಲು ಹಿಂದಿನ ಕಪಾಟಿಗೆ ಹೋದ. ಅವರೂ ಅವನ ಹಿಂದೆ ಹೋದರು. ನಾನು ಮಗಳ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತೆ.

"ಮ್ಯೂಟ್ ಯಾಕೆ ಬೇಕು ಅಂದೆ?"

ಅವಳು ಕಮಾನಿನ ತಿರುಪನ್ನು ಸಡಿಲಿಸತೊಡಗಿದಳು.

"ನಿಜ ಹೇಳು. ಬೈಯಲ್ಲ."

"ನಿನಗೆ ಕೇಳಿಸಬಾರದು ಅಂತ" ಎಂದಳು.

ಬೈಯುವುದಿಲ್ಲ ಎಂದಿದ್ದೆ, ಬೈಯಲಿಲ್ಲ. ನೋವಾಯಿತು, ಬಹಳ ನೋವಾಯಿತು, ಅಷ್ಟೆ. ಆ ಸದ್ದಿಗಾಗಿ ದಿನವೆಲ್ಲ ಕಾಯುವವನು ನಾನು. ಅದನ್ನು ಕೆಡಿಸುತ್ತಿದ್ದವನೂ ನಾನೇ.

ಅಂಗಡಿಯವನು ಬಂದು, ಕೇಳದಿದ್ದರೂ, ಮ್ಯೂಟನ್ನು ಮೇಜಿನ ಮೇಲೆ ಇಟ್ಟ. ಹೆಬ್ಬೆರಳಿನಷ್ಟು ಕಪ್ಪು ರಬ್ಬರು. ಅವಳು ಅದನ್ನು ಕುದುರೆಗೆ ಸಿಕ್ಕಿಸಿ ನುಡಿಸಿ ತೋರಿಸಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹಾಡಿದ ಹಾಗಿತ್ತು. ಹೊರಗೆ ನಿಂತು ಕೇಳಿದ ನಾದ ನನ್ನ ಕಿವಿಯಲ್ಲಿ ಇನ್ನೂ ಇತ್ತು. ನನ್ನ ದೆಸೆಯಿಂದ ಆ ನಾದಕ್ಕೆ ದಿನವೂ ರಬ್ಬರು ಸಿಕ್ಕಿಸುವುದು ನನಗೆ ಸಹಿಸಲಾಗಲಿಲ್ಲ.

"ಇದು ಬೇಡ" ಎಂದೆ.

ಮಗಳ ಮುಖ ಬಾಡಿತು. "ಗೊತ್ತಿತ್ತು" ಎಂದಳು.

"ಪೂರ್ತಿ ಕೇಳು. ನೀನು ಬಾಯಿ ಮುಚ್ಕೊಂಡು ನುಡಿಸೋದು ಬೇಡ. ನೀನು ನುಡಿಸೋ ಹೊತ್ತಲ್ಲಿ ನಾನೇ ಮನೇಲಿರಲ್ಲ. ಹೊರಗೆ ಹೋಗಿರ್ತೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೊರಗೆ ಅಂದ್ರೆ ಬಾಗಿಲ ಹೊರಗಾ?"

"ಅಲ್ಲ. ರಸ್ತೆಗೆ."

"ಮೆಟ್ಟಿಲ ಮೇಲೆ ಕೂತ್ಕೋತೀಯ."

"ಕೂರಲ್ಲ."

"ಅಮ್ಮನ್ನ ಕೇಳ್ತೀಯ. ನುಡಿಸಿದ್ಲಾ, ಎಷ್ಟು ತಪ್ಪಾಯ್ತು ಅಂತ."

ಅದನ್ನು ಆಗಲೇ ಯೋಚಿಸಿಟ್ಟುಕೊಂಡಿದ್ದೆ. ಅವಳಿಗೆ ಹೇಗೆ ಗೊತ್ತಾಯಿತೋ. "ಕೇಳಲ್ಲ" ಎಂದೆ.

"ನೋಡೋಣ" ಎಂದಳು, ಬಿಡುತ್ತೇನೆ ಎಂದಷ್ಟೇ ತಣ್ಣಗೆ. ಬಿಡುವುದೋ ಬಿಡದಿರುವುದೋ, ಅದಿನ್ನೂ ತೀರ್ಮಾನವಾಗಿರಲಿಲ್ಲ.

ರಾಳವನ್ನೂ, ಮೊದಲ ಸಲ ಬೆಳಕಿಗೆ ತಂದು ನೋಡಿದ ಗಟ್ಟಿ ಆಸರೆಯನ್ನೂ ಕೊಂಡುಕೊಂಡೆವು. ಆಸರೆ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಗಲ್ಲದ ತಟ್ಟೆ ಬೇಡವೇ ಎಂದು ಅಂಗಡಿಯವನು ಬಾಗಿಲವರೆಗೂ ಕೇಳುತ್ತಾ ಬಂದ. ಮೇಷ್ಟ್ರಿಗೆ ಇದರಲ್ಲಿ ಪಾಲಿದೆ ಎಂದು ನನಗೆ ಇವತ್ತಿಗೂ ಅನುಮಾನ.

ಮರುದಿನ ಸಂಜೆ ಕೆಲಸದಿಂದ ಬಂದವನು ಮುಖ ತೊಳೆದು ಮತ್ತೆ ಚಪ್ಪಲಿ ಮೆಟ್ಟಿದೆ. ಹೆಂಡತಿ ಎಲ್ಲಿಗೆ ಎಂದು ಕೇಳಲಿಲ್ಲ, ಮಗಳು ಹೇಳಿರಬೇಕು. ಮಗಳು ಕೋಣೆಯಲ್ಲಿ ಪೆಟ್ಟಿಗೆ ತೆರೆದು, ಕಮಾನಿಗೆ ರಾಳ ಹಚ್ಚುತ್ತಾ ನಿಂತಿದ್ದಳು. "ಹೋಗ್ಬರ್ತೀನಿ" ಎಂದೆ. "ಹೂಂ" ಎಂದಳು.

ಮೆಟ್ಟಿಲು ಇಳಿದೆ. ಕೊನೆಯ ಮೆಟ್ಟಿಲಲ್ಲಿ ಕಾಲು ತಾನಾಗಿ ನಿಂತಿತು. ಇನ್ನೂ ಶುರು ಮಾಡಿರಲಿಲ್ಲ. ಒಂದೇ ಒಂದು ಸಲ ಕೇಳಿ ಹೋದರೆ ಯಾರಿಗೆ ನಷ್ಟ ಎಂದುಕೊಂಡೆ. ಗೋಡೆ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಸದ್ದಿಲ್ಲ. ಫೋನು ನೋಡುತ್ತಿದ್ದಾಳೆಯೇ? ಪೆಟ್ಟಿಗೆ ಮುಚ್ಚಿಬಿಟ್ಟಳೇ? ತಡೆಯಲಾರದೆ ರಸ್ತೆಗೆ ಬಂದು ತಲೆ ಎತ್ತಿ ನೋಡಿದೆ.

ಅವಳು ಕಿಟಕಿಯಲ್ಲಿದ್ದಳು. ಒಂದು ಕೈಯಲ್ಲಿ ವಯಲಿನ್, ಒಂದು ಕೈಯಲ್ಲಿ ಕಮಾನು, ಹುಬ್ಬು ಗಂಟಿಕ್ಕಿ ಕೆಳಗೆ ನೋಡುತ್ತಿದ್ದಳು. ನಾನು ಮೆಟ್ಟಿಲ ಬಾಯಿಂದ ಈಗಷ್ಟೇ ಹೊರಗೆ ಬಂದದ್ದನ್ನು ಅವಳು ಕಂಡಿದ್ದಳು. ಇಷ್ಟು ಹೊತ್ತು ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳುವ ಅಗತ್ಯವೇ ಅವಳಿಗಿರಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತೇನೆ.

ಕೈ ಬೀಸಿದೆ. ಅವಳು ಬೀಸಲಿಲ್ಲ. ನಾನು ನಡೆದೆ. ಹಾಲಿನ ಬೂತಿನ ಹತ್ತಿರ ತಿರುಗಿ ನೋಡಿದೆ, ಅವಳು ಅಲ್ಲೇ ಇದ್ದಳು. ಬೀದಿದೀಪದ ಹತ್ತಿರ ನೋಡಿದೆ, ಅಲ್ಲೇ ಇದ್ದಳು, ಇನ್ನೂ ಕೈಯಲ್ಲಿ ಕಮಾನು ಹಿಡಿದುಕೊಂಡು. ನನಗೆ ಕೇಳಿಸದಷ್ಟು ದೂರ ನಾನು ಹೋಗುವವರೆಗೆ ಅವಳು ಶುರು ಮಾಡುವುದಿಲ್ಲ ಎಂದು ಆಗ ಅರ್ಥವಾಯಿತು. ಅವಳಿಗೆ ತಡವಾಗುತ್ತದೆ ಎಂದು ಬೇಗ ಬೇಗ ಹೆಜ್ಜೆ ಹಾಕಿ ರಸ್ತೆಯ ತಿರುವು ದಾಟಿದೆ.